ಎಳೆ ದಾಟಿಸಿದ ಚಿಕ್ಕಮಾವ

ಆ ದಿನವೂ ಬೆಳಗಾದದ್ದು ಎಂದಿನ ಹಾಗೆಯೇ. ಹಾಲು ಒಲೆಯ ಮೇಲಿತ್ತು. ಒಗ್ಗರಣೆ ಮಂಡಕ್ಕಿಗೆಂದು ಶೇಂಗಾ ಹುರಿಯುತ್ತಿದ್ದೆ. ಬೀಜ ಚಿಟಚಿಟ ಎನ್ನುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಗೋಡೆಯ ಫೋನು ಬಡಿದುಕೊಂಡಿತು. ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಓಡಿ ಎತ್ತಿದೆ.

“ಹಲೋ, ಇಪ್ಪತ್ತೊಂದಾ? ಕಾಫಿ ಆತಾ?”

ಕರೆ ಬಂದದ್ದು ದೆಹಲಿಯಿಂದಲ್ಲ, ದಾವಣಗೆರೆಯಿಂದಲೂ ಅಲ್ಲ. ಅಡುಗೆಮನೆಯ ಹೊಸ್ತಿಲಿನಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ನನಗೆ ಬೆನ್ನು ಮಾಡಿ ಕುಳಿತಿದ್ದ ನಮ್ಮ ಚಿಕ್ಕಮಾವನಿಂದ!

“ಆಯ್ತು ಮಾವ, ತರ್ತೀನಿ” ಎಂದು ನಾನೂ ಫೋನಿನಲ್ಲೇ ಹೇಳಿದೆ. ತಿರುಗಿ ನಿಂತು ಬಾಯಿಬಿಟ್ಟು ಹೇಳಿದರೆ ಅವರಿಗೆ ಕೇಳಿಸುವುದಿಲ್ಲ. ಕಿವಿಗೆ ಏನೂ ಆಗಿಲ್ಲ, ಗೋಡೆಯಾಚೆ ಬೆಕ್ಕು ನಡೆದರೂ ಕೇಳಿಸುತ್ತದೆ. ಆದರೆ ತಂತಿಯಲ್ಲಿ ಹರಿದು ಬಾರದ ಮಾತನ್ನು ಅವರು ಮಾತೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎದುರಿಗಿದ್ದವರ ಜೊತೆ ಮಾತಾಡಲು ಬಾರದ ಇಷ್ಟು ದೊಡ್ಡ ಮಾತುಗಾರರನ್ನು ನಾನು ಇನ್ನೆಲ್ಲೂ ಕಂಡಿಲ್ಲ!

ನಮ್ಮ ಮಾವನವರ ಕೊನೆಯ ತಮ್ಮ ಇವರು. ಮದುವೆಯಾಗಲಿಲ್ಲ. ಏಕೆ ಎಂದರೆ “ನಾನ್ ಮಾಡ್ದಾಗೆಲ್ಲ ಲೈನ್ ಎಂಗೇಜ್ ಇತ್ತು ಕಣಮ್ಮ” ಎನ್ನುತ್ತಾರೆ. ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಮಗ್ಗದ ಮೇಲೆ ಉದ್ದೆಳೆಗಳ ಒಂದು ಹಾಸು ಮುಗಿಯುತ್ತ ಬಂದರೆ, ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕಲ್ಲ, ಆ ಕೆಲಸವನ್ನು ಇವರಿಗೆ ಇವರ ಅಕ್ಕ ಕಲಿಸಿದ್ದರು. ಸಾವಿರಾರು ಎಳೆ, ಕೂದಲಿನಷ್ಟು ಸಣ್ಣವು. ಚಿಕ್ಕಮಾವನ ಬೆರಳು ಬಲು ಚುರುಕಂತೆ. ಬಾಯಿ ಬೆರಳಿಗಿಂತ ಚುರುಕು. ಮಾತಾಡುತ್ತ ಮಾತಾಡುತ್ತ ಎಳೆ ಬಿಡುವುದು, ಅಕ್ಕನಿಂದ ತಲೆಗೆ ಮೊಟಕಿಸಿಕೊಳ್ಳುವುದು. ಕೊನೆಗೆ ಅಕ್ಕನೇ, “ಒರೇಯ್, ನಿನ್ ಬಾಯಿಗೆ ಈ ಮಗ್ಗ ಸಾಲಲ್ಲ. ಬಾಯಿ ಕೆಲ್ಸಾನೇ ಯಾವ್ದಾನ ನೋಡ್ಕ ಹೋಗು” ಎಂದು ಚಳ್ಳಕೆರೆಯ ಬಸ್ಸು ಹತ್ತಿಸಿದರಂತೆ.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳಿಗೆ ಕೊರತೆಯೇ? ಒಂದು ಗಿರಣಿಯ ಫೋನ್ ಕೋಣೆಯಲ್ಲಿ ಆಪರೇಟರ್ ಆಗಿ ಕುಳಿತರು. ಬಾಯಿಗೆ ತಕ್ಕ ಕೆಲಸ! ಮುಂದೆ ಆ ಗಿರಣಿ ಮುಚ್ಚಿದಾಗ ಉಳಿದ ಕೆಲಸಗಾರರು ತಕ್ಕಡಿ, ಡಬ್ಬಿ, ಮೇಜು, ಕುರ್ಚಿ ಎಂದು ಸಿಕ್ಕಿದ್ದನ್ನು ಕೇಳಿ ಪಡೆದರೆ, ಇವರು ಕರೆಗಳನ್ನು ಕೋಣೆ ಕೋಣೆಗೆ ಹಂಚುವ ಎಕ್ಸ್‌ಚೇಂಜ್ ಪೆಟ್ಟಿಗೆಯನ್ನೂ ಅದರ ಫೋನ್ ನಂಬರನ್ನೂ ಕೇಳಿ ಪಡೆದರು. ಲಗೇಜ್ ಆಟೋದಲ್ಲಿ ಪೆಟ್ಟಿಗೆಯ ಹೆಗಲ ಮೇಲೆ ಕೈ ಹಾಕಿಕೊಂಡು, ಮೊದಲ ಸಲ ಹೆಂಡತಿಯನ್ನು ಮನೆಗೆ ಕರೆತರುವವರ ಹಾಗೆ ನಾಚಿಕೊಂಡು ಬಂದಿಳಿದದ್ದನ್ನು ನಾನೇ ನೋಡಿದ್ದೇನೆ.

ಪೆಟ್ಟಿಗೆಗೆ ನಮ್ಮಲ್ಲಿ ಕೆಲಸವೂ ಇತ್ತು ಅನ್ನಿ. ನಮ್ಮದು ಚಳ್ಳಕೆರೆಯಲ್ಲೇ, ಮುಂದೆ ಲಾಡ್ಜು, ಹಿಂದೆ ಮನೆ. ಕುದಾಪುರದ ಕಡೆಯ ಸಂಶೋಧನಾ ಕೇಂದ್ರಗಳಿಗೆ ಬಂದುಹೋಗುವವರು ನಮ್ಮಲ್ಲಿ ಇಳಿದುಕೊಳ್ಳುತ್ತಾರೆ. ಲಾಡ್ಜು ನೋಡಿಕೊಳ್ಳುವವರು ನಮ್ಮವರು. ಆಳುವವರು ಚಿಕ್ಕಮಾವ. ಕೋಣೆ ಕೋಣೆಗೂ ಒಂದು ಫೋನು, ಅಡುಗೆಮನೆಗೊಂದು, ಮಹಡಿಗೊಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೂ ಒಂದು! ಎಲ್ಲರಿಗೂ ನಂಬರು. ನಮ್ಮವರು ಇಪ್ಪತ್ತು, ನಾನು ಇಪ್ಪತ್ತೊಂದು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಸರು ಅವರಿಗೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ನನಗೆ ಪೂರ್ತಿ ಹೋಗಿಲ್ಲ.

ಒಮ್ಮೆ ವಿಜ್ಞಾನಿಯೊಬ್ಬರು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಎಂದು ಹೇಳಿ ಮಲಗಿದರು. ಚಿಕ್ಕಮಾವ ನಾಲ್ಕಕ್ಕೇ ಫೋನ್ ಮಾಡಿದರು. “ಸಾರ್, ಇನ್ನೂ ಒಂದ್ ಗಂಟೆ ಟೈಮ್ ಐತ್ರಿ. ಗಾಬ್ರಿ ಬೀಳ್ಬ್ಯಾಡ್ರಿ, ಆರಾಮ ಮಲಗ್ರಿ!” ಅವರು ಮತ್ತೆ ಮಲಗಿದರೋ ಇಲ್ಲವೋ, ಮುಂದಿನ ಸಲ ಬಂದಾಗ ಕೈಯಲ್ಲಿ ಅಲಾರಂ ಗಡಿಯಾರ ಹಿಡಿದುಕೊಂಡೇ ಬಂದರು.

ಹೊರಗಿನ ಕರೆಯನ್ನು ಕಾಯಿಸುವಾಗ ಪೆಟ್ಟಿಗೆಯೇ ಒಂದು ಸಂಗೀತ ನುಡಿಸಬೇಕು. ಆ ಭಾಗ ಯಾವತ್ತೋ ಕೆಟ್ಟುಹೋಗಿತ್ತು. ಹಾಗೆಂದು ಕಾಯುವವರಿಗೆ ಬೇಸರವಾಗಬಾರದಲ್ಲ? ಚಿಕ್ಕಮಾವ ತಾವೇ ಹಾಡುತ್ತಿದ್ದರು! ದನಿ ಮಾತ್ರ ಸಣ್ಣದಲ್ಲ, ಗಿರಣಿಯ ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿ ಪಳಗಿದ ಗಂಟಲು. ಯಾರೋ ಒಬ್ಬರು ಕೋಣೆ ಖಾಲಿ ಇದೆಯೇ ಎಂದು ಕೇಳಲು ಫೋನ್ ಮಾಡಿ, ಹಾಡು ಪೂರ್ತಿ ಕೇಳಿ, ಚೆನ್ನಾಗಿತ್ತು ಎಂದು ಹೇಳಿ ಇಟ್ಟುಬಿಟ್ಟರು. ಕೋಣೆ ಖಾಲಿಯೇ ಉಳಿಯಿತು.

ಇಷ್ಟೆಲ್ಲ ನಗುವ ವಿಷಯ. ಆ ದಿನ ಮಾತ್ರ ಕಾಫಿ ಕೊಡಲು ಹೋದಾಗ ಚಿಕ್ಕಮಾವ ಲೋಟವನ್ನು ಪಕ್ಕಕ್ಕಿಟ್ಟು ಗಡಿಯಾರ ನೋಡಿದರು. ಕಾರಣವಿತ್ತು.

ಫೋನಿನವರು ಊರಿನ ಹಳೆಯ ತಾಮ್ರದ ತಂತಿಗಳನ್ನೆಲ್ಲ ತೆಗೆಯುತ್ತಿದ್ದರು. ನಮಗೆ ಹೊಸ ಡಿಜಿಟಲ್ ಲೈನು ಎಳೆದು, ಗೋಡೆಯ ಮೇಲೆ ಒಂದು ಬಿಳಿ ಡಬ್ಬಿ ಕೂರಿಸಿ ಹೋಗಿದ್ದರು. ಆ ಲೈನನ್ನು ನಮ್ಮ ಮುದಿ ಪೆಟ್ಟಿಗೆ ಅರ್ಥಮಾಡಿಕೊಳ್ಳಬೇಕಾದರೆ ಅದರೊಳಗೆ ಒಂದು ಕಾರ್ಡು ಸಿಕ್ಕಿಸಿ, ಕಾರ್ಡಿನ ತಂತಿಗಳನ್ನು ಗೋಡೆಯ ಡಬ್ಬಿಯ ತಂತಿಗಳಿಗೆ ಕೂಡಿಸಬೇಕು. ಅಂದು ಸಂಜೆ ಐದಕ್ಕೆ ಹಳೆಯ ತಂತಿ ಕತ್ತರಿಸಲು ಬರುತ್ತಾರೆ. ಅಷ್ಟರೊಳಗೆ ಹೊಸ ಲೈನು ಪೆಟ್ಟಿಗೆಯಲ್ಲಿ ಹತ್ತಿಕೊಂಡರೆ ಹಳೆಯ ನಂಬರು ಅದರ ಮೇಲೆ ಬಂದು ಕೂರುತ್ತದೆ. ಇಲ್ಲವಾದರೆ ಆ ನಂಬರು ಹೋಯಿತು, ಬೇರೆ ನಂಬರು ಕೊಡುತ್ತಾರೆ.

ಹೋದರೆ ಹೋಗಲಿ, ನಂಬರಿಗೇನು ಎನ್ನಬೇಡಿ. ಮೊಳಕಾಲ್ಮೂರಿನಲ್ಲಿ ಚಿಕ್ಕಮಾವನ ಅಕ್ಕ ಇದ್ದಾರೆ, ನಾವೆಲ್ಲ ದೊಡ್ಡತ್ತೆ ಎನ್ನುತ್ತೇವೆ. ಮಕ್ಕಳು ಮೊಮ್ಮಕ್ಕಳ ತುಂಬು ಮನೆ. ಜರಿಯ ಎಳೆ ನೋಡಿ ನೋಡಿ ಕಣ್ಣು ಮಂಜಾಗಿ, ಈಗ ಬೆಳಕು ಕತ್ತಲೆ ಅಷ್ಟೇ ಗೊತ್ತಾಗುವುದು. ದಿನಾ ಮಧ್ಯಾಹ್ನ ಊಟ ಮಾಡಿ ಕೈ ತೊಳೆದವರೇ, ತಮ್ಮ ಹಳೆಯ ಗುಂಡಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಲ್ಲೇ ತಡವಿ ಈ ಒಂದು ನಂಬರು ಒತ್ತುತ್ತಾರೆ. ಗಿರಣಿಯ ಕಾಲದಿಂದ ಒತ್ತಿದ ನಂಬರು. ಮಗನ ಮೊಬೈಲು ಬೇಡ. “ಕನ್ನಡಿ ಒರೆಸ್ದಂಗೆ ಒರೆಸ್ಬೇಕು, ಬೆರಳಿಗೆ ಏನೂ ತಗುಲಲ್ಲ” ಎನ್ನುತ್ತಾರೆ. ಹೊಸ ನಂಬರು ಕಲಿಸೋಣವೆಂದು ಸೊಸೆ ಪ್ರಯತ್ನಪಟ್ಟಿದ್ದಳು. ಎರಡು ಅಂಕಿ ಹೊಸದು ಒತ್ತಿದ ಮೇಲೆ ಬೆರಳು ತಾನಾಗಿಯೇ ಹಳೆಯ ದಾರಿ ಹಿಡಿಯುತ್ತಿತ್ತಂತೆ.

ನಂಬರು ಹೋಗಬಹುದೆಂಬ ವಿಷಯವನ್ನು ಚಿಕ್ಕಮಾವ ಅಕ್ಕನಿಗೆ ಹೇಳಿರಲಿಲ್ಲ. ನಾವೂ ಹೇಳಬಾರದೆಂದು ಕಟ್ಟಪ್ಪಣೆ.

ಮಂಡಕ್ಕಿ ತಿಂದು ಮುಗಿಸಿ ಕೆಲಸ ಶುರುವಾಯಿತು. ಕಾರ್ಡಿನ ಜೊತೆ ಬಂದ ಇಂಗ್ಲಿಷ್ ಹಾಳೆ ಓದುವುದು ನನ್ನ ಪಾಲಿಗೆ. “ಕಾನ್ವೆಂಟಲ್ಲಿ ಓದೀಯಲ್ಲ, ಹೇಳು” ಎಂದರು, ಮತ್ತೆ ಫೋನಿನಲ್ಲೇ. ಕಾನ್ವೆಂಟಿನಲ್ಲಿ ನನಗೆ ಮೇಜಿನ ಮೇಲೆ ಮೊಣಕೈ ಊರದೆ ಸೂಪು ಕುಡಿಯುವುದನ್ನು ಕಲಿಸಿದ್ದರು, ಕಾರ್ಡು ಕೂರಿಸುವುದನ್ನಲ್ಲ. ಆದರೂ ಓದಿದೆ. ಮೊದಲ ಮಾತೇ, ಕಾರ್ಡು ಮುಟ್ಟುವ ಮೊದಲು ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು ಎಂದು.

“ಅಂದ್ರೆ ಮಡಿ!” ಎಂದವರೇ ಬಚ್ಚಲಿಗೆ ಹೋದರು. ಸ್ನಾನ ಮಾಡಿ ರೇಷ್ಮೆ ಪಂಚೆ ಉಟ್ಟು ಬಂದರು! ನಮ್ಮ ವಿಜ್ಞಾನದ ಸಿಸ್ಟರ್ ಗಾಜಿನ ಕಡ್ಡಿಗೆ ರೇಷ್ಮೆ ಬಟ್ಟೆ ಉಜ್ಜಿ, ಕಾಗದದ ಚೂರುಗಳು ಹಾರಿ ಬಂದು ಅಂಟಿಕೊಳ್ಳುವುದನ್ನು ತೋರಿಸಿದ್ದು ನನಗೆ ಥಟ್ಟನೆ ನೆನಪಾಯಿತು.

“ಮಾವ, ರೇಷ್ಮೆ ಬೇಡ. ಆ ಕರೆಂಟು ಹುಟ್ಟೋದೇ ರೇಷ್ಮೆ ಉಜ್ಜಿದ್ರೆ.”

“ಏನಮ್ಮಾ ನೀನು! ಮೊಳಕಾಲ್ಮೂರ್ ರೇಷ್ಮೆ ಮ್ಯಾಗೆ ಅಪವಾದ ಹೊರಿಸ್ತೀಯಲ್ಲ!” ಎಂದರು, ಫೋನನ್ನೂ ಮರೆತು.

ಹಾಗೂ ಹೀಗೂ ಒಪ್ಪಿ ಒಳಗೆ ಹೋದವರು ಒದ್ದೆ ಟವೆಲ್ ಸುತ್ತಿಕೊಂಡು ಬಂದರು. ಒದ್ದೆ ಬಟ್ಟೆಯಲ್ಲಿ ಕರೆಂಟಿನ ಪೆಟ್ಟಿಗೆ! ಓಡಿ ಹೋಗಿ ಅಡ್ಡ ನಿಂತೆ. ಕೊನೆಗೆ ನಮ್ಮವರ ಹಳೆಯ ಹತ್ತಿ ಲುಂಗಿ ಉಡಿಸಿ, ಎಡಗೈಯಲ್ಲಿ ಕಿಟಕಿಯ ಕಬ್ಬಿಣದ ಸರಳು ಮುಟ್ಟಿಸಿದ್ದಾಯಿತು. “ಈಗ ನನ್ನ ಯಾರೂ ಮುಟ್ಬ್ಯಾಡ್ರಿ” ಎಂದು ಘೋಷಿಸಿ ಪೆಟ್ಟಿಗೆಯ ಸ್ವಿಚ್ ಆರಿಸಿದರು. ಇಡೀ ಲಾಡ್ಜಿನ ಫೋನುಗಳು ಸತ್ತವು.

ಸ್ವಲ್ಪ ಹೊತ್ತಿಗೆ ಮೇಲಿನ ಮಹಡಿಯ ಅತಿಥಿಯೊಬ್ಬರು ಮೆಟ್ಟಿಲಿಳಿದು ಬಂದು, “ಒಂದು ಟೀ ಬೇಕಿತ್ತು” ಎಂದು ಚಿಕ್ಕಮಾವನ ಎದುರೇ ನಿಂತು ಹೇಳಿದರು.

ಚಿಕ್ಕಮಾವ ತಲೆ ಎತ್ತಲಿಲ್ಲ. “ರೂಮಿಗೆ ಹೋಗಿ ಫೋನ್ ಮಾಡ್ರಿ ಸಾರ್.”

“ಫೋನ್ ಕೆಲಸ ಮಾಡ್ತಿಲ್ಲವಲ್ಲ?”

“ಹೌದಾ? ಅದನ್ನೂ ಫೋನ್ ಮಾಡಿ ಹೇಳ್ರಿ, ಬರ್ಕೊಂತೀನಿ.”

ಟೀ ನಾನೇ ಕೊಟ್ಟು ಕಳಿಸಿದೆ.

ಕಾರ್ಡು ತನ್ನ ಸೀಳಿನಲ್ಲಿ ಸುಲಭವಾಗಿ ಕುಳಿತಿತು. ಉಳಿದದ್ದು ತಂತಿ. ಕಾರ್ಡಿನಿಂದ ಬರುವುದು ಎರಡು ಜೋಡಿ: ನೀಲಿ ಜೋಡಿಯಲ್ಲಿ ಪೆಟ್ಟಿಗೆ ಮಾತಾಡುತ್ತದೆ, ಕಿತ್ತಳೆ ಜೋಡಿಯಲ್ಲಿ ಕೇಳಿಸಿಕೊಳ್ಳುತ್ತದೆ. ಗೋಡೆಯ ಡಬ್ಬಿಯಿಂದಲೂ ಹಾಗೆಯೇ ಎರಡು ಜೋಡಿ. ನಾನು ಓದಿ ಹೇಳಿದೆ: “ಮಾವ, ನಮ್ಮ ಮಾತಿನ ಜೋಡಿ ಅವರ ಕೇಳುವ ಜೋಡಿಗೆ ಹೋಗಬೇಕು. ಅವರ ಮಾತಿನ ಜೋಡಿ ನಮ್ಮ ಕೇಳುವ ಜೋಡಿಗೆ. ಅಂದ್ರೆ ಅಡ್ಡ ದಾಟಿಸಬೇಕು.”

“ಹ್ಞೂಂ, ಹ್ಞೂಂ” ಎಂದರು. ದೇವರ ಮನೆಯಿಂದ ವಿಭೂತಿ ತರಿಸಿ ಹೆಬ್ಬೆರಳು ತೋರುಬೆರಳಿಗೆ ಸವರಿಕೊಂಡರು. ಎಳೆ ಜಾರದಿರಲೆಂದು ನೇಕಾರರು ಬೂದಿ ಮುಟ್ಟಿಕೊಳ್ಳುತ್ತಾರಂತೆ. ಆಮೇಲೆ ನೋಡಬೇಕಿತ್ತು ಆ ಬೆರಳುಗಳನ್ನು! ತಂತಿಯ ಸಿಪ್ಪೆ ಸುಲಿದು, ಎರಡು ತುದಿ ಜೋಡಿಸಿ, ಒಂದೇ ಹೊಸೆತ. ಗಂಟು ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಸಣ್ಣ. ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ, ಒಂದಕ್ಕೊಂದು ನೆಟ್ಟಗೆ. ಅಷ್ಟು ಅಂದವಾಗಿ ಕೂಡಿಸಿದ ತಂತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಸ್ವಿಚ್ ಹಾಕಿದರು. ಕಾರ್ಡಿನ ದೀಪ ಕೆಂಪಗೆ ಉರಿಯಿತು. ಹಸಿರಾಗಬೇಕಿತ್ತು.

ಬಿಚ್ಚಿದರು, ಮತ್ತೆ ಹೊಸೆದರು. ಇನ್ನೂ ಅಂದವಾಗಿ. ಕೆಂಪು.

“ಮಾವ, ದಾಟಿಸಬೇಕಂತೆ...”

“ಎಳೆ ದಾಟಿಸ್ತಾರೇನಮ್ಮಾ?” ಅವರ ದನಿ ಏರಿತು. “ಹಾಸಲ್ಲಿ ಒಂದೆಳೆ ಪಕ್ಕದ್ದರ ಜಾಗಕ್ಕೆ ಹೋದ್ರೂ ಸೀರೆ ಉದ್ದಕ್ಕೂ ಕಾಣ್ತೈತೆ. ಅಂಥಾ ಕೆಲ್ಸ ಮಾಡಿದ್ರೆ ನಮ್ಮ ಕೇರೀಲಿ ನೀರು ಕೊಡಲ್ಲ!”

ನಮ್ಮವರು ಒಳಗೆ ಬಂದು ಕೆಂಪು ದೀಪ ನೋಡಿದರು. “ಚಿಕ್ಕಪ್ಪ, ಅದು ಸೀರೆ ಅಲ್ರೀ, ಪ್ಲಾಸ್ಟಿಕ್ ವೈರು! ದಾಟಿಸ್ರಿ ಸುಮ್ನೆ. ಸಂಜೆಗೆ ಹತ್ತಲಿಲ್ಲ ಅಂದ್ರೆ ಪೆಟ್ಟಿಗೆ ಗುಜರಿಗೆ ಹೋಗ್ತೈತೆ, ಹೇಳಿರ್ತೀನಿ.”

“ನನ್ನೂ ಅದರ ಜೊತೀಗೇ ತೂಕಕ್ಕೆ ಹಾಕಪ್ಪ, ನಾಲ್ಕು ಕಾಸು ಜಾಸ್ತಿ ಬರ್ತೈತೆ!”

ಹೀಗೆ ಹೇಳಿದರೇ ಹೊರತು, ಆಮೇಲೆ ಚಿಕ್ಕಮಾವ ಒಂದು ಸಲ ತಂತಿಗಳನ್ನು ಬಿಚ್ಚಿ, ನೀಲಿಯನ್ನು ಕಿತ್ತಳೆಯ ಹತ್ತಿರ ಒಯ್ದದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಒಯ್ದರು. ಬೆರಳು ಅಲ್ಲೇ ನಿಂತಿತು. ವಾಪಸ್ ತಂದರು. ಹಟವಾಗಿದ್ದರೆ ನಗು ಬರುತ್ತಿತ್ತು, ಹಟವಲ್ಲ ಅದು. ಕಾಲು ತೊಳೆಯದೆ ದೇವರ ಮನೆಗೆ ಹೋಗು ಎಂದರೆ ನನ್ನ ಕಾಲೂ ಹೊಸ್ತಿಲಲ್ಲಿ ಹೀಗೇ ನಿಲ್ಲುತ್ತದೆ.

ಮಧ್ಯಾಹ್ನವಾಯಿತು. ಹಳೆಯ ತಾಮ್ರದ ತಂತಿಗೆ ನೇರವಾಗಿ ಸಿಕ್ಕಿಸಿಟ್ಟಿದ್ದ ಕಪ್ಪು ಫೋನು ಹೊಡೆದುಕೊಂಡಿತು. ದೊಡ್ಡತ್ತೆ! ಅವರ ದನಿಯೂ ತಮ್ಮನ ದನಿಗೆ ಸಾಟಿ, ಪಕ್ಕದಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ.

“ಏಮ್ರಾ, ತಿನ್ನಾವಾ? ಉಂಡ್ಯಾ?” ದಿನಾ ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳುತ್ತಾರೆ. ಎರಡು ಭಾಷೆಯಲ್ಲಿ ಕೇಳಿದರೆ ತಮ್ಮ ಎರಡು ಸಲ ಉಣ್ಣುತ್ತಾನೆಂದು ಇರಬೇಕು. ಆಮೇಲೆ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡುತ್ತಾರೆ, ಒಟ್ಟಿಗೇ ಮುಗಿಸುತ್ತಾರೆ. ಯಾರು ಯಾರ ಮಾತು ಕೇಳಿಸಿಕೊಳ್ಳುತ್ತಾರೋ, ಆ ದೇವರೇ ಬಲ್ಲ!

ಆ ದಿನ ಚಿಕ್ಕಮಾವ ಶುರು ಮಾಡಲಿಲ್ಲ. ಆ ಕಡೆಯ ಮಾತು ಒಬ್ಬಂಟಿಯಾಗಿ ಸ್ವಲ್ಪ ದೂರ ಓಡಿ ನಿಂತಿತು.

“ಯಾಕೋ ಸುಮ್ಕಿದ್ದೀ?”

“ಅಕ್ಕಾ... ಎಳೆ ದಾಟಿಸ್ಬೇಕಂತೆ.”

“ಏನಂದೆ? ದಾಟಿಸೋದಾ? ನಾನ್ ಹಂಗ್ ಕಲ್ಸಿದ್ನೇನೋ ನಿಂಗೆ?”

“ಇಲ್ಲಕ್ಕ.”

“ಮತ್ಯಾರ್ ಹೇಳಿದ್ದು?”

ಚಿಕ್ಕಮಾವ ನನ್ನ ಕಡೆ ನೋಡಿ, “ಇಪ್ಪತ್ತೊಂದು” ಎಂದರು. ಎಂಥ ಧೈರ್ಯ ನೋಡಿ! ಫೋನು ನನ್ನ ಕೈಗೆ ಬಂತು.

“ಏನಮ್ಮಾ, ದಾಟಿಸ್ದಿದ್ರೆ ಏನಾಗ್ತೈತೆ?”

ಹೇಳಬಾರದೆಂಬ ಅಪ್ಪಣೆ ನೆನಪಿತ್ತು. ಕೆಂಪು ದೀಪವೂ ಕಣ್ಣೆದುರಿಗಿತ್ತು. “ದೊಡ್ಡತ್ತೆ, ಫೋನಿನ ತಂತಿ ಬದಲಾಯಿಸ್ತಿದ್ದಾರೆ. ದಾಟಿಸದೆ ಹೋದ್ರೆ ಈ ನಂಬರು ಇರಲ್ಲ. ನಾಳೆ ನೀವು ಒತ್ತಿದ್ರೆ ಮಾವ ಸಿಗಲ್ಲ.”

ಅವರ ಮನೆಯ ಮಗ್ಗದ ಸದ್ದು ದೂರದಲ್ಲಿ ಟಕ್ ಟಕ್ ಎನ್ನುವುದು ಕೇಳಿಸಿತು. ಮೂರು ನಾಲ್ಕು ಸಲ ಲಾಳಿ ಓಡಿರಬೇಕು.

“ಅವನ ಕೈಗೆ ಕೊಡು” ಎಂದರು. ಕೊಟ್ಟೆ.

“ಅದು ಸೀರೆ ಅಲ್ವಲ್ಲೋ, ದಾಟಿಸೋ!” ಎಂದು ದೊಡ್ಡತ್ತೆ ಫೋನು ಕುಕ್ಕಿದರು.

ಬೆಳಿಗ್ಗೆ ನಮ್ಮವರು ಹೇಳಿದ್ದೂ ಅದನ್ನೇ ಅಲ್ಲವೇ? ಆದರೆ ಕಲಿಸಿದವರು ಹೇಳಬೇಕಿತ್ತು. ಚಿಕ್ಕಮಾವ ಮತ್ತೆ ಬೂದಿ ಮುಟ್ಟಿಕೊಂಡರು. ನೀಲಿಯನ್ನು ಕಿತ್ತಳೆಗೂ, ಕಿತ್ತಳೆಯನ್ನು ನೀಲಿಗೂ ಒಯ್ದರು. ಹೊಸೆಯುವಾಗ ಕಣ್ಣು ಮುಚ್ಚಿಕೊಂಡಿದ್ದರು! ನಾನು ಸ್ವಿಚ್ ಹಾಕಿದೆ. ಕೆಂಪು ದೀಪ ಎರಡು ಸಲ ಮಿಟುಕಿತು. ಆಮೇಲೆ ಎಳೆಯ ಹುಣಸೆ ಚಿಗುರಿನ ಬಣ್ಣಕ್ಕೆ ತಿರುಗಿ, ಹಾಗೆಯೇ ನಿಂತಿತು.

“ಮಾವ, ಹಸಿರು!”

ಕಣ್ಣು ಬಿಟ್ಟವರು ದೀಪ ನೋಡಲಿಲ್ಲ, ತಾವು ದಾಟಿಸಿದ ತಂತಿ ನೋಡಿದರು. “ಕಾಣಕ್ಕೆ ಭಾಳ ಅಸಹ್ಯ ಐತಮ್ಮ” ಎಂದು ಅದರ ಮೇಲೊಂದು ಕರವಸ್ತ್ರ ಮುಚ್ಚಿದರು.

ಐದಕ್ಕೆ ಫೋನಿನವರು ಬಂದು ಹಸಿರು ದೀಪ ನೋಡಿ ತಲೆಯಾಡಿಸಿ, ಹೊರಗೆ ಏಣಿ ಹಾಕಿ ತಾಮ್ರದ ತಂತಿ ಕತ್ತರಿಸಿ ಹೋದರು. ಚಿಕ್ಕಮಾವ ಕಪ್ಪು ಫೋನನ್ನು ಕಿವಿಗಿಟ್ಟುಕೊಂಡು ನೋಡಿದರು. ಗುಂಯ್ ಎನ್ನುವ ಸದ್ದು ಇರಲಿಲ್ಲ.

ದೀಪವೇನೋ ಹಸಿರಾಯಿತು. ಹಳೆಯ ನಂಬರು ನಿಜವಾಗಿಯೂ ಹೊಸ ಲೈನಿಗೆ ಬಂದಿದೆಯೇ? ಹೊರಗಿನಿಂದ ಯಾರಾದರೂ ಒತ್ತಿದರೆ ತಾನೆ ತಿಳಿಯುವುದು? ನಮ್ಮವರು ಜೇಬಿನಿಂದ ಮೊಬೈಲ್ ತೆಗೆದರು. “ಒಂದ್ ರಿಂಗ್ ಕೊಟ್ ನೋಡಾಣ.”

“ಬ್ಯಾಡ!” ಚಿಕ್ಕಮಾವ ಎದ್ದೇ ನಿಂತರು. “ಮೊದ್ಲು ಅಕ್ಕ.”

“ಅತ್ತೆ ಮಾಡೋದು ನಾಳೆ ಮಧ್ಯಾಹ್ನ ಅಲ್ವೇನ್ರಿ?”

“ನಾಳೆ ತನ್ಕ ಕೂತಿರ್ತೀನಿ. ನಿಂಗೇನ್ ಕಷ್ಟ?”

ನಮ್ಮವರು ನಕ್ಕು ಲಾಡ್ಜಿನ ಕಡೆ ಹೋದರು. ನಾನು ನಗಲಿಲ್ಲ. ಒತ್ತಿ ನೋಡಿ ಹತ್ತದೇ ಹೋದರೆ? ಆ ಹೆದರಿಕೆಯಿಂದ ಅವರು ಬೇಡವೆನ್ನುತ್ತಿದ್ದಾರೆಂದು ನನಗೆ ತಿಳಿಯಿತು. ದೇವರ ದೀಪ ಹಚ್ಚಿ ಬಂದೆ, ಬೇಳೆ ಬೇಯಲು ಇಟ್ಟೆ. ಅಷ್ಟು ಹೊತ್ತೂ ಅಡುಗೆಮನೆಯ ಫೋನು ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಕಾಫಿ ಕೇಳಲಿಲ್ಲ, ನೀರು ಕೇಳಲಿಲ್ಲ. ಎಕ್ಸ್‌ಚೇಂಜಿನ ಮುಂದೆ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಆಪರೇಟರ್ ಸೀಟಿನಲ್ಲಿ ಅವರು ಅಷ್ಟು ಚಿಕ್ಕವರಾಗಿ ಕಂಡದ್ದು ಅದೇ ಮೊದಲು.

ಆಗ ಪೆಟ್ಟಿಗೆ ಹೊಡೆದುಕೊಂಡಿತು.

“ಅಕ್ಕಾ?”

ಆ ಕಡೆಯವರಿಗೆ ನಾಳೆಯ ತನಕ ಕಾಯಲು ಆಗಿರಲಿಲ್ಲ! ದೊಡ್ಡತ್ತೆ ಊಟದ ವಿಷಯ ಕೇಳಲಿಲ್ಲ, ಬೈಯಲಿಲ್ಲ. “ಹೆಂಗ್ ದಾಟಿಸ್ದೆ? ಒಂದೊಂದೇ ಎಳೆ ಹೇಳು” ಎಂದರು. ಚಿಕ್ಕಮಾವ ಕರವಸ್ತ್ರ ಸರಿಸಿ, ತಂತಿಯ ಮೇಲೆ ಬೆರಳಿಟ್ಟುಕೊಂಡು ಹೇಳತೊಡಗಿದರು. “ಮೊದ್ಲು ನೀಲಿ ಅಕ್ಕಾ... ಹೌದಕ್ಕ, ಸಿಪ್ಪೆ ಸುಲ್ದೇ... ಇಲ್ಲಕ್ಕ, ಬಿಗಿ ಮಾಡ್ಲಿಲ್ಲ...” ಗಿರಣಿಯನ್ನು ಮೀರಿಸಿದ ಆ ಗಂಟಲು ಎಲ್ಲಿಗೆ ಹೋಗಿತ್ತೋ! ನಿಂತು ಕೇಳಬಾರದೆನಿಸಿತು. ಒಲೆ ಸಣ್ಣ ಮಾಡಿ ಹಿತ್ತಲಿಗೆ ಹೋದೆ.

ಪಕ್ಕದ ಮನೆಯ ಗಿರಿಜಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದು ಸೀರೆಯನ್ನು ಮಡಚುತ್ತ, ನಮ್ಮ ಕಿಟಕಿಯ ಕಡೆ ಒಮ್ಮೆ ಕಿವಿಗೊಟ್ಟು ಕೇಳಿದರು: “ನಿಮ್ಮನೆಗೆ ಯಾವ್ದೋ ಸಣ್ ಹುಡುಗ ಬಂದೈತೇನ್ರಿ? ಆಗ್ಲಿಂದ ಅಕ್ಕಾ ಅಕ್ಕಾ ಅಂತ ಯಾರಿಗೋ ಪಾಠ ಒಪ್ಪಿಸ್ತೈತೆ.”